ಲೆನ್ಸ್ ಹೋಗಿರಲಿಲ್ಲ: 1993ರ ಸ್ಟೀರಿಯೋ ಸೆಟ್‌ನ ಸಿಡಿ ಪ್ಲೇಯರ್ ರಿಪೇರಿ

ಜುಲೈ ಮೊದಲ ವಾರ ಕುಂದಾಪುರದಿಂದ ಸೋದರಮಾವನ ಫೋನ್ ಬಂತು. "ಸಿಡಿ ಮತ್ತೆ ಓದುವುದಿಲ್ಲ ಮಾರಾಯ. ಹೊಸ ಲೆನ್ಸ್ ಹಾಕಿಸಿ ಎರಡು ವರ್ಷ ಸಹ ಆಗಲಿಲ್ಲ. ಬೆಂಗಳೂರಲ್ಲಿ ಇನ್ನೊಂದು ಲೆನ್ಸ್ ಸಿಕ್ಕಿದರೆ ತಗೊಂಡು ಬಾ." ನಾನು ಲೆನ್ಸ್ ಕೊಳ್ಳಲಿಲ್ಲ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಸ್ಕ್ರೂ ಡ್ರೈವರ್ ಪೆಟ್ಟಿಗೆ ಹಿಡಿದುಕೊಂಡು ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಸೆಟ್ ಬಗ್ಗೆ ಮೊದಲು ಹೇಳಬೇಕು. ಮಾವ ದುಬೈನಲ್ಲಿ ಕೆಲಸದಲ್ಲಿದ್ದಾಗ, 1993ರಲ್ಲಿ ರಜೆಗೆ ಬರುವಾಗ ತಂದದ್ದು. ಜಪಾನಿನ ಕಂಪನಿಯದು. ಆಗ ಕರಾವಳಿಯ ಎಷ್ಟೋ ಮನೆಗಳ ಚಾವಡಿಗೆ ಇಂಥ ಸೆಟ್‌ಗಳು ಹೀಗೇ ಬಂದವು, ದೊಡ್ಡ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಊರು ಬರೆದು. ಕೆಳಗೆ ಆಂಪ್ಲಿಫೈಯರ್, ಅದರ ಮೇಲೆ ಡಬಲ್ ಕ್ಯಾಸೆಟ್ ಡೆಕ್, ಮತ್ತೆ ರೇಡಿಯೋ, ಎಲ್ಲಕ್ಕಿಂತ ಮೇಲೆ ಸಿಡಿ ಪ್ಲೇಯರ್. ನೋಡಲಿಕ್ಕೆ ನಾಲ್ಕು ಬೇರೆ ಬೇರೆ ಯಂತ್ರ, ಆದರೆ ಹಿಂದೆ ಚಪ್ಪಟೆ ರಿಬ್ಬನ್ ಕೇಬಲ್‌ಗಳಲ್ಲಿ ಒಂದಕ್ಕೊಂದು ಕಟ್ಟಿಹಾಕಿದಂತೆ ಇರುತ್ತವೆ. ಸಿಡಿ ಭಾಗಕ್ಕೆ ಸ್ವಂತ ಕರೆಂಟ್ ವೈರ್ ಇಲ್ಲ, ಆಂಪ್ಲಿಫೈಯರ್‌ನಿಂದಲೇ ಬರಬೇಕು. ಅದನ್ನೊಂದನ್ನೇ ಬಿಚ್ಚಿಕೊಂಡು ಬೆಂಗಳೂರಿಗೆ ತಂದರೆ ಆನ್ ಕೂಡ ಆಗುವುದಿಲ್ಲ. ಹಾಗಾಗಿ ರಿಪೇರಿ ಕುಂದಾಪುರದಲ್ಲೇ ಆಗಬೇಕಿತ್ತು, ಮಾವನ ಚಾವಡಿಯ ಮೇಜಿನ ಮೇಲೆ, ಹೊರಗೆ ಮಳೆ ಹುಯ್ಯುವಾಗ.

ಮಾವನ ಹತ್ತಿರ ಅಂಗಡಿಯಲ್ಲಿ ಕೊಂಡ ಭಾವಗೀತೆ, ದಾಸರ ಪದಗಳ ಸಿಡಿ ಒಂದು ಇಪ್ಪತ್ತು ಇರಬಹುದು. ಆದರೆ ಅವರ ಪ್ರಾಣ ಇರುವುದು ಇನ್ನೊಂದು ಕಟ್ಟಿನಲ್ಲಿ. ಊರಿನ ದೇವಸ್ಥಾನದಲ್ಲಿ ನಡೆದ ತಾಳಮದ್ದಲೆಗಳನ್ನು (ವೇಷ, ಕುಣಿತ ಇಲ್ಲದೆ ಕೂತು ಹಾಡು ಮಾತಿನಲ್ಲೇ ನಡೆಸುವ ಯಕ್ಷಗಾನ) ಅವರೇ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕ್ಯಾಸೆಟ್‌ನಲ್ಲಿ ಹಿಡಿದಿದ್ದರು. ಆಮೇಲೆ ಸ್ಟುಡಿಯೋದವರ ಕೈಲಿ ಹದಿನಾಲ್ಕು ಸಿಡಿಗೆ ಹಾಕಿಸಿದರು. ಅದರಲ್ಲಿ ಮಾತಾಡಿದ ಅರ್ಥಧಾರಿಗಳಲ್ಲಿ ಎಷ್ಟೋ ಜನ ಈಗಿಲ್ಲ. ಕ್ಯಾಸೆಟ್‌ಗಳು ಬೂಷ್ಟು ಹಿಡಿದು ಹೋಗಿವೆ. ಇದನ್ನು ಯಾಕೆ ಹೇಳಿದೆ ಅಂದರೆ, ಇವು ಮನೆಯಲ್ಲಿ ಬರೆಯುವಂಥ ಸಿಡಿಗಳು, ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದವಲ್ಲ. ಓದಲಿಕ್ಕೆ ಬಿಟ್ಟ ಲೇಸರ್ ಬೆಳಕನ್ನು ಇವು ವಾಪಸ್ ಕೊಡುವುದು ಸ್ವಲ್ಪ ಕಡಿಮೆ. ಪ್ಲೇಯರ್ ಸ್ವಲ್ಪ ಸೋತಿದ್ದರೂ ಮೊದಲು ಕೈಕೊಡುವುದು ಇವೇ.

ಮುಚ್ಚಳ ಬಿಚ್ಚುವ ಮೊದಲು ಅರ್ಧ ಗಂಟೆ ಬರೀ ಪ್ರಶ್ನೆ ಕೇಳಿದೆ. ಈ ಅರ್ಧ ಗಂಟೆಯನ್ನು ಯಾರೂ ಬಿಡಬಾರದು. ಮಾವ ಹೇಳಿದ್ದು ಇಷ್ಟು. ಟ್ರೇ ತೆರೆಯಲು ಬಟನ್ ಒತ್ತಿದರೆ ಒಳಗೆ ಗುರ್ ಅನ್ನುತ್ತದೆ, ಬರುವುದಿಲ್ಲ, ಉಗುರಲ್ಲಿ ಎಳೆದರೆ ಬರುತ್ತದೆ. ಬೆಳಿಗ್ಗೆ ಹಾಕಿದ ಸಿಡಿ ಓದುವುದಿಲ್ಲ, "ಡಿಸ್ಕ್ ಇಲ್ಲ" ಅಂತ ತೋರಿಸುತ್ತದೆ, ಐದಾರು ಸಲ ತೆಗೆದು ಹಾಕಿದರೆ ಒಂದು ಸಲ ಓದಬಹುದು. ತಾಳಮದ್ದಲೆ ಸಿಡಿಗಳಂತೂ ಲೆನ್ಸ್ ಬದಲಾಯಿಸಿದ ದಿನದಿಂದ ಓದಿದ್ದೇ ಇಲ್ಲ. ಆಗ ಒಳಗಿಂದ ಅತ್ತೆ ಒಂದು ಮಾತು ಸೇರಿಸಿದರು: "ಲೆನ್ಸ್ ಹಾಕಿಸುವ ಮೊದಲೂ ಒಂದು ತೊಂದರೆ ಇತ್ತಲ್ಲ, ಯಾವ ಸಿಡಿ ಹಾಕಿದರೂ ಕೊನೆಕೊನೆಗೆ ಹೇಳಿದ್ದೇ ಹೇಳ್ತಿತ್ತು." ಇದು ನನಗೆ ಫೋನಿನಲ್ಲಿ ಗೊತ್ತಾಗಿರಲಿಲ್ಲ. ಇಡೀ ರಿಪೇರಿಯಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಸುಳಿವು ಇದೇ.

ಯಾಕೆ ಅಂತ ಹೇಳುತ್ತೇನೆ. ಗ್ರಾಮಫೋನ್ ತಟ್ಟೆ ಹೊರಗಿನಿಂದ ಒಳಗೆ ಓಡುತ್ತದೆ, ಸಿಡಿ ಒಳಗಿನಿಂದ ಹೊರಗೆ. ನಡುವಿನ ತೂತಿನ ಹತ್ತಿರ ಶುರುವಾಗಿ ಅಂಚಿನ ಕಡೆ ಹೋಗುತ್ತದೆ. ಒಂದು ಸಾಲಿಗೂ ಮುಂದಿನ ಸಾಲಿಗೂ ಅಂತರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರ್‌ನಲ್ಲಿ ಆರು ನೂರಕ್ಕೂ ಜಾಸ್ತಿ ಸಾಲು. ಲೇಸರ್ ಎದುರು ಸಾಲು ಯಾವಾಗಲೂ ಒಂದೇ ವೇಗದಲ್ಲಿ ಸಾಗಬೇಕು, ಸೆಕೆಂಡಿಗೆ 1.2ರಿಂದ 1.4 ಮೀಟರ್. ಹಾಗಾಗಿ ಒಳಗಿನ ಸಣ್ಣ ಸುತ್ತಿನಲ್ಲಿ ಡಿಸ್ಕ್ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಬೇಕು, ಹೊರಗೆ ಹೋದ ಹಾಗೆ ನಿಧಾನವಾಗಿ ಸುಮಾರು 200ಕ್ಕೆ ಇಳಿಯುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ. ಶುರುವಿನಲ್ಲೇ ಮುಗ್ಗರಿಸುತ್ತಿದ್ದರೆ, ಡಿಸ್ಕ್ ತಿರುಗಿಸುವ ಮೋಟರ್ ಮೇಲೆ ಮೊದಲು ಸಂಶಯ ಪಡಬೇಕು, ಅದಕ್ಕೆ ಅತಿ ಹೆಚ್ಚು ವೇಗ ಬೇಕಾಗುವುದು ಅಲ್ಲೇ. ಎಲ್ಲ ಸಿಡಿಗಳೂ ಹೆಚ್ಚುಕಮ್ಮಿ ಒಂದೇ ನಿಮಿಷಕ್ಕೆ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಪಿಕಪ್ (ಲೇಸರ್ ಮತ್ತು ಲೆನ್ಸ್ ಎರಡೂ ಕೂತಿರುವ ಭಾಗ, ಮಾತಿನಲ್ಲಿ ಬರೀ "ಲೆನ್ಸ್" ಅನ್ನುವುದು ಇದನ್ನೇ) ಸರಿದಾಡುವ ಹಳಿ ಅಥವಾ ಗೇರ್‌ನಲ್ಲಿ ಏನೋ ಇದೆ. ಒಂದೇ ಒಂದು ಸಿಡಿ ಮಾತ್ರ ತೊಂದರೆ ಕೊಟ್ಟರೆ ತಪ್ಪು ಆ ಸಿಡಿಯದ್ದೇ.

ಲೇಸರ್ ಸತ್ತರೆ? ಅದು ನಿಮಿಷ ನೋಡಿ ಸಾಯುವುದಿಲ್ಲ. ಹೊರಗಿನ ಸಾಲುಗಳಲ್ಲಿ ಸಿಡಿ ಸ್ವಲ್ಪ ಬಾಗಿರುತ್ತದೆ, ಬಡವಾದ ಲೇಸರ್ ಅಲ್ಲಿ ಜಾಸ್ತಿ ಒದ್ದಾಡಬಹುದು, ನಿಜ. ಆದರೆ ಹತ್ತು ಬೇರೆ ಬೇರೆ ಸಿಡಿಯಲ್ಲಿ ಒಂದೇ ಜಾಗಕ್ಕೆ ಬಂದು ನಿಲ್ಲುವುದು ಲೇಸರ್‌ನ ಲಕ್ಷಣ ಅಲ್ಲ.

ಸೆಟ್ ಆಫ್ ಮಾಡಿ, ಗೋಡೆಯಿಂದ ಪ್ಲಗ್ ಎಳೆದು ಹತ್ತು ನಿಮಿಷ ಬಿಟ್ಟೆ. ಆಂಪ್ಲಿಫೈಯರ್‌ನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ, ಅವಸರ ಮಾಡಬಾರದು. ಮೇಲಿನ ತಗಡು ಬಿಚ್ಚಿದಾಗ ಎದುರಿಗೆ ಕಂಡದ್ದು ಬೆಲ್ಟ್. ಟ್ರೇ ಓಡಿಸುವ ಸಣ್ಣ ರಬ್ಬರ್ ಬೆಲ್ಟ್ ಸಡಿಲಾಗಿ, ಗಾಜಿನಂತೆ ಹೊಳೆಯುತ್ತಿತ್ತು. ಅದನ್ನು ತೆಗೆದು ಅತ್ತೆಯ ಒಲೆಯ ಮೇಲಿನ ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟೆ, ಒರೆಸಿ ಹಾಕಿದೆ, ಟ್ರೇ ಬಂತು. ಇದು ವಾರ ಹದಿನೈದು ದಿನಕ್ಕೆ ಸಾಕಾಗುವ ಉಪಾಯ ಅಷ್ಟೆ, ಆದರೆ ಮುಂದಿನ ಪರೀಕ್ಷೆಗೆ ಟ್ರೇ ಓಡಲೇಬೇಕಿತ್ತು.

ಮುಚ್ಚಳ ಇಲ್ಲದೆ ಆನ್ ಮಾಡಿ, ಸಿಡಿ ಹಾಕದೆ ಟ್ರೇ ಮುಚ್ಚಿಸಿದೆ. ಪಿಕಪ್ ಒಳಗಿನ ಕೊನೆಗೆ ಸರಿಯಿತು, ಲೆನ್ಸ್ ಮೇಲೆ ಕೆಳಗೆ ಮೂರು ಸಲ ಆಡಿತು. ಪಕ್ಕದಿಂದ ಓರೆಯಾಗಿ ನೋಡಿದರೆ ಒಂದು ಮಂಕು ಕೆಂಪು ಚುಕ್ಕೆ. ನೇರ ಮೇಲಿನಿಂದ ಯಾವತ್ತೂ ನೋಡಬೇಡಿ. ಈ ಲೇಸರ್‌ನ ತರಂಗ 780 ನ್ಯಾನೋಮೀಟರ್, ಕಣ್ಣಿಗೆ ಹೆಚ್ಚು ಕಾಣುವುದಿಲ್ಲ, ಅದಕ್ಕೇ ಅಪಾಯ ಜಾಸ್ತಿ. ಚುಕ್ಕೆ ಕಂಡಿತು ಅಂದರೆ ಲೇಸರ್ ಉರಿಯುತ್ತಿದೆ ಅನ್ನುವುದಷ್ಟೇ ಗೊತ್ತಾಗುತ್ತದೆ, ಎಷ್ಟು ಬಲವಾಗಿ ಅಂತ ಗೊತ್ತಾಗುವುದಿಲ್ಲ.

ಆಮೇಲೆ ಒಂದು ಅಚ್ಚಿನ ಸಿಡಿ ಹಾಕಿದೆ. ಲೆನ್ಸ್ ಆಡಿತು. ಡಿಸ್ಕ್ ಒಂದು ಕಾಲು ಸುತ್ತು ಮಿಸುಕಿ ನಿಂತಿತು. ಮತ್ತೆ ಮಿಸುಕಿತು, ನಿಂತಿತು. "ಡಿಸ್ಕ್ ಇಲ್ಲ." ಎರಡನೇ ಸಲ ಅದು ಮಿಸುಕುವ ಹೊತ್ತಿಗೆ ನಾನು ಡಿಸ್ಕಿನ ಅಂಚನ್ನು ಬೆರಳ ತುದಿಯಲ್ಲಿ ಮೆಲ್ಲಗೆ ತಳ್ಳಿದೆ, ಮಗುವಿನ ಜೋಕಾಲಿ ತಳ್ಳುವಷ್ಟು. ಸುಯ್ ಅಂತ ವೇಗ ಹಿಡಿಯಿತು. ನಾಲ್ಕು ಸೆಕೆಂಡಿನಲ್ಲಿ ಹದಿನೈದು ಹಾಡು, 62 ನಿಮಿಷ ಅಂತ ಪರದೆಯಲ್ಲಿ ಬಂತು. ಮಾವ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

ಬೆರಳಿನ ಆ ಒಂದು ತಳ್ಳು ಲೇಸರ್ ಮೇಲಿನ ಆರೋಪವನ್ನು ಅರ್ಧ ಅಳಿಸಿತು. ಲೇಸರ್ ಕಂಡುಕೊಂಡಿದೆ, ಫೋಕಸ್ ಹಿಡಿದಿದೆ, ಅದಕ್ಕೇ ಮೋಟರ್‌ಗೆ ತಿರುಗು ಅಂತ ಅಪ್ಪಣೆ ಹೋಗಿದೆ. ಮೋಟರ್ ಏಳಲಿಲ್ಲ. ಮೋಟರ್‌ನ ಒಂದು ವೈರ್ ಬಿಡಿಸಿ ಮೀಟರ್ ಹಚ್ಚಿ, ಡಿಸ್ಕ್ ಕೂರುವ ಬಟ್ಟಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿದೆ. 11 ಓಮ್, 12, 11, ಮತ್ತೆ 12. ಒಂದು ಕಡೆ ಬಂದಾಗ ಒಮ್ಮೆಲೇ ನೂರು ದಾಟಿತು. ಇನ್ನೂ ಸ್ವಲ್ಪ ತಿರುಗಿಸಿದರೆ 11. ಮೋಟರ್ ಒಳಗೆ ಕರೆಂಟ್ ದಾಟಿಸುವ ಬ್ರಶ್ ಸವೆದು, ಅದು ತಾಗಿ ಉಜ್ಜುವ ಕಮ್ಯುಟೇಟರ್ ಮೇಲೆ ಕರಿ ಕೂತು, ಒಂದು ಸತ್ತ ಜಾಗ ಆಗಿತ್ತು. ರಾತ್ರಿ ಅದೇ ಜಾಗದಲ್ಲಿ ನಿಂತುಬಿಟ್ಟರೆ ಬೆಳಿಗ್ಗೆ ಏಳುವುದಿಲ್ಲ. ಐದಾರು ಸಲ ಸಿಡಿ ತೆಗೆದು ಹಾಕುವಾಗ ಬಟ್ಟಲು ಅಲುಗಿ ಜಾಗ ತಪ್ಪಿದರೆ ಏಳುತ್ತದೆ. ಮಾವ ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ ಅಲ್ವಾ?

ಗಡಿಯಾರದ ಒಂದೂವರೆ ವೋಲ್ಟ್ ಸೆಲ್ ತೆಗೆದು ಮೋಟರ್‌ಗೆ ನೇರ ಹಚ್ಚಿ, ಒಂದು ನಿಮಿಷ ಹೀಗೆ ಒಂದು ನಿಮಿಷ ಹಾಗೆ ಓಡಿಸಿದೆ. ಕರಿ ಸ್ವಲ್ಪ ಉಜ್ಜಿ ಹೋಯಿತು, ಸತ್ತ ಜಾಗ 20 ಓಮ್‌ಗೆ ಇಳಿಯಿತು. ವೈರ್ ಮತ್ತೆ ಸೇರಿಸಿದ ಮೇಲೆ ಆ ಸಂಜೆಯೆಲ್ಲ ಅಚ್ಚಿನ ಸಿಡಿ ಒಂದೂ ತಪ್ಪಲಿಲ್ಲ. ತಾಳಮದ್ದಲೆ ಸಿಡಿ ಮಾತ್ರ ಜಪ್ಪಯ್ಯ ಅಂದರೂ ಓದಲಿಲ್ಲ.

"ಹಳೇ ಲೆನ್ಸ್ ಏನಾಯ್ತು ಮಾವ?" ಅಂತ ಕೇಳಿದೆ. ಅಂಗಡಿಯವರು ವಾಪಸ್ ಕೊಟ್ಟಿದ್ದರು, ಮಾವ ಅದನ್ನು ಪೇಪರಿನಲ್ಲಿ ಸುತ್ತಿ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಇಟ್ಟಿದ್ದರು. ಡಬ್ಬ ತೆರೆದು ನೋಡಿ ನನಗೆ ನಿಜವಾಗಿ ಖುಷಿಯಾಯಿತು. ಕೆಎಸ್‌ಎಸ್ 210ಎ ಪಿಕಪ್, ಆ ಕಾಲದ ಎಷ್ಟೋ ಪ್ಲೇಯರ್‌ಗಳಲ್ಲಿ ಇದ್ದದ್ದು. ಅದರ ಬೆನ್ನಿಗೆ ಒಂದು ಸಣ್ಣ ಚೀಟಿ, ಅದರ ಮೇಲೆ ಕೊನೆಯ ಮೂರು ಅಂಕೆ 487. ಈ ಅಂಕೆಗೆ ಅರ್ಥ ಇದೆ. ಹೊಸದಿದ್ದಾಗ ಈ ಲೇಸರ್ 48.7 ಮಿಲಿಆಂಪ್ ಕರೆಂಟ್ ತಗೊಳ್ಳುತ್ತಿತ್ತು ಅಂತ ಫ್ಯಾಕ್ಟರಿಯಲ್ಲಿ ಅಳೆದು ಬರೆದದ್ದು. ಲೇಸರ್ ಮುದಿಯಾದ ಹಾಗೆ ಅಷ್ಟೇ ಬೆಳಕು ಕೊಡಲು ಹೆಚ್ಚು ಕರೆಂಟ್ ಬೇಡುತ್ತದೆ. ಚೀಟಿಯ ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಮೇಲೆ ಹೋಗಿದ್ದರೆ ಅದರ ದಿನ ಹತ್ತಿರ ಬಂತು ಅಂತ ಲೆಕ್ಕ. ಅಂದರೆ ಲೆನ್ಸ್ ಹೋಗಿದೆಯೋ ಇಲ್ಲವೋ ಅಂತ ಊಹೆ ಮಾಡಬೇಕಾಗಿಯೇ ಇಲ್ಲ, ಅಳೆಯಬಹುದು! ಎರಡು ವರ್ಷದ ಹಿಂದೆ ಹಾಕಿದ ಪಿಕಪ್ ಮೇಲೆ ಚೀಟಿಯೇ ಇರಲಿಲ್ಲ. ನಕಲಿ ಮಾಲು.

ಹಳೆಯದನ್ನು ಕೂರಿಸುವಾಗ ಒಂದು ಎಚ್ಚರ ಬೇಕು. ಲೇಸರ್ ಡಯೋಡ್ ನಮ್ಮ ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್‌ಗೇ ಸಾಯಬಹುದು, ಸತ್ತದ್ದು ಕಣ್ಣಿಗೆ ಕಾಣುವುದೂ ಇಲ್ಲ. ಪಿಕಪ್‌ನ ಪಟ್ಟಿಯಲ್ಲಿ ಅಕ್ಕಪಕ್ಕ ಎರಡು ಸಣ್ಣ ತಾಮ್ರದ ಚುಕ್ಕೆಗಳಿವೆ. ಅವೆರಡನ್ನೂ ಒಂದು ಹನಿ ಸೋಲ್ಡರ್‌ನಿಂದ ಕೂಡಿಸಿದರೆ ಡಯೋಡ್ ಭದ್ರ. ಹೊಸ ಪಿಕಪ್ ಬರುವುದೇ ಆ ಹನಿಯ ಜೊತೆ. ಅದನ್ನು ತೆಗೆಯಲು ಮರೆತು "ಹೊಸದೂ ಕೆಟ್ಟದ್ದೇ" ಅಂತ ಎಸೆದವರನ್ನು ನಾನು ನೋಡಿದ್ದೇನೆ. ಮಣಿಕಟ್ಟಿಗೆ ಅರ್ಥಿಂಗ್ ಪಟ್ಟಿ ಕಟ್ಟಿಕೊಂಡು, ಬಿಸಿಯಾದ ಐರನ್‌ನ ಪ್ಲಗ್ ಎಳೆದುಬಿಟ್ಟು, ಆ ಉಳಿದ ಬಿಸಿಯಲ್ಲೇ ಹನಿ ಹಾಕಿದೆ. ಹಳೇ ಮನೆಯ ಅರ್ಥಿಂಗ್ ನಂಬಲಿಕ್ಕಾಗುವುದಿಲ್ಲ, ಅದಕ್ಕೆ ಹೀಗೆ. ಪಿಕಪ್ ಕೂರಿಸಿ, ರಿಬ್ಬನ್ ಸಿಕ್ಕಿಸಿ, ಆಮೇಲೆ ಹನಿ ತೆಗೆದೆ. ಲೆನ್ಸ್ ಮೇಲೆ ಹಾಲಿನ ಕೆನೆಯಂಥ ಒಂದು ತೆಳು ಪೊರೆ ಕಾಣುತ್ತಿತ್ತು. ಕಿವಿಯ ಬಡ್ಸ್‌ಗೆ ಎರಡು ಹನಿ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ, ಒತ್ತದೆ, ಸುತ್ತು ಸುತ್ತಾಗಿ ಒರೆಸಿದೆ. ಲೆನ್ಸ್ ಪ್ಲಾಸ್ಟಿಕ್, ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಕರಗಿ ಹೋಗುತ್ತದೆ.

ಬೋರ್ಡ್‌ನಲ್ಲಿ ಲೇಸರ್‌ಗೆ ಹೋಗುವ ದಾರಿಯಲ್ಲಿ 22 ಓಮ್‌ನ ಒಂದು ರೆಸಿಸ್ಟರ್ ಇತ್ತು. ಅದರ ಎರಡು ತುದಿಗೆ ಮೀಟರ್ ಹಿಡಿದರೆ 1.09 ವೋಲ್ಟ್. ಭಾಗಿಸಿದರೆ 49.5 ಮಿಲಿಆಂಪ್. ಚೀಟಿಯಲ್ಲಿ 48.7. ಮೂವತ್ತು ವರ್ಷ ದಾಟಿದ ಲೇಸರ್ ನೂರಕ್ಕೆ ಎರಡರಷ್ಟೂ ಕುಗ್ಗಿರಲಿಲ್ಲ! ತಾಳಮದ್ದಲೆ ಸಿಡಿ ಹಾಕಿದೆ. ಏಳು ಸೆಕೆಂಡ್ ತಗೊಂಡಿತು, ಓದಿತು. ಚಂಡೆಯ ಪೆಟ್ಟು ಕೇಳಿದ ತಕ್ಷಣ ಅತ್ತೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಬಾಗಿಲಿಗೆ ಒರಗಿ ನಿಂತರು.

ನನಗೆ ಬೇಜಾರಾದದ್ದು ಇಲ್ಲಿ. ಒಳ್ಳೆಯ ಪಿಕಪ್ ತೆಗೆದು ನಕಲಿ ಹಾಕಿ 1,800 ರೂಪಾಯಿ ತಗೊಂಡಿದ್ದರು. ಮೋಸ ಅಂತ ನಾನು ಹೇಳುವುದಿಲ್ಲ. ಹೊಸ ಪಿಕಪ್ ಕೂರಿಸುವಾಗ ಬಟ್ಟಲು ಅಲುಗಿ ಮೋಟರ್ ಎದ್ದಿರುತ್ತದೆ, ಸಿಡಿ ಓದಿರುತ್ತದೆ, ಲೆನ್ಸ್‌ನಿಂದಲೇ ಸರಿಯಾಯಿತು ಅಂತ ಅವರೂ ನಂಬಿರುತ್ತಾರೆ. ಆದರೆ ಮೀಟರ್ ಹಿಡಿದಿದ್ದರೆ ಎರಡು ನಿಮಿಷದ ಕೆಲಸ. ಇನ್ನೊಂದು ಮಾತು, ಪಿಕಪ್ ಪಕ್ಕ ಒಂದು ಸಣ್ಣ ತಿರುಪು ಇರುತ್ತದೆ, ಲೇಸರ್‌ನ ಬಲ ಏರಿಸಲಿಕ್ಕೆ. ಅದನ್ನು ದಯವಿಟ್ಟು ಸುಮ್ನೆ ತಿರುಗಿಸಬೇಡಿ. ಏರಿಸಿದರೆ ಸ್ವಲ್ಪ ದಿನ ಚೆನ್ನಾಗಿ ಓದುತ್ತದೆ, ಆಮೇಲೆ ಲೇಸರ್ ಸುಟ್ಟು ಹೋಗುತ್ತದೆ. ನಕಲಿಯ ತಿರುಪಿನ ಮೇಲೆ ಸ್ಕ್ರೂ ಡ್ರೈವರ್‌ನ ಗೀರು ಇತ್ತು.

ಈಗ ಅತ್ತೆ ಹೇಳಿದ ಮಾತು. ಕೊನೆಕೊನೆಗೆ ಹೇಳಿದ್ದೇ ಹೇಳುವುದು. ಆ ರಾತ್ರಿ ಮೂರು ಸಿಡಿ ಹಾಕಿ, ನಿಮಿಷಗಳನ್ನು ಹಾರಿಸಿಕೊಂಡು ಹೋಗಿ ನೋಡಿದೆ. ಒಂದು 46ನೇ ನಿಮಿಷಕ್ಕೆ ಸಿಕ್ಕಿತು, ಒಂದು 47ಕ್ಕೆ, ತಾಳಮದ್ದಲೆಯದು 49ಕ್ಕೆ. ಅರ್ಥಧಾರಿಯ ಅರ್ಧ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ನಿಮಿಷ ಸ್ವಲ್ಪ ಹೆಚ್ಚುಕಮ್ಮಿ ಬರುವುದು ಸಹಜ, ಒಂದೊಂದು ಸಿಡಿ ಬರೆದ ವೇಗ ಒಂದೊಂದು. ಹಾಳೆ ತಗೊಂಡು ಲೆಕ್ಕ ಹಾಕಿದೆ. ಸೆಕೆಂಡಿಗೆ 1.2 ಮೀಟರ್‌ನಂತೆ 47 ನಿಮಿಷಕ್ಕೆ ಸಾಲಿನ ಉದ್ದ ಸುಮಾರು 3,400 ಮೀಟರ್. ಅದು 1.6 ಮೈಕ್ರಾನ್ ಅಂತರದಲ್ಲಿ ಸುತ್ತಿಕೊಂಡರೆ, ಶುರುವಿನ 25 ಮಿಲಿಮೀಟರ್ ತ್ರಿಜ್ಯದಿಂದ ಪಿಕಪ್ ಹೆಚ್ಚುಕಮ್ಮಿ 24 ಮಿಲಿಮೀಟರ್ ಹೊರಗೆ ಬಂದಿರುತ್ತದೆ. ಮೂರೂವರೆ ಕಿಲೋಮೀಟರ್ ಹತ್ತಿರದ ದಾರಿ ಎರಡೂವರೆ ಸೆಂಟಿಮೀಟರ್ ಒಳಗೆ! ಸೆಟ್ ಆಫ್ ಮಾಡಿ, ಗೇರ್ ಕೈಯಲ್ಲಿ ತಿರುಗಿಸಿ ಪಿಕಪ್ ಅನ್ನು ಸ್ಕೇಲ್ ಇಟ್ಟು 24 ಮಿಲಿಮೀಟರ್ ಸರಿಸಿ ನಿಲ್ಲಿಸಿದೆ. ಗೇರಿಗೆ ಆ ಹೊತ್ತಿಗೆ ತಾಗಿದ್ದ ಹಲ್ಲುಗಳ ಮೇಲೆ ಟಾರ್ಚ್ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದೆ.

ಇರುವೆ. ಒಂದೇ ಒಂದು ಸಣ್ಣ ಕಪ್ಪಿರುವೆ, ಎರಡು ಹಲ್ಲುಗಳ ಸಂದಿಯಲ್ಲಿ, ಹಳದಿ ಗ್ರೀಸಿನೊಳಗೆ ಅಂಟಿ ಒಣಗಿ ಕಲ್ಲಿನಂತಾಗಿತ್ತು. ಒಂದು ಕಾಲು ಮಾತ್ರ ಮೇಲಕ್ಕೆ ಚಾಚಿಕೊಂಡಿತ್ತು. ಗೇರ್ ಅಲ್ಲಿಗೆ ಬಂದಾಗ ತಡೆಯುತ್ತಿತ್ತು, ಪಿಕಪ್ ನಿಲ್ಲುತ್ತಿತ್ತು, ಲೆನ್ಸ್ ಮಾತ್ರ ಆದಷ್ಟು ದೂರ ಚಾಚಿ ಸಾಲು ಹಿಂಬಾಲಿಸಿ, ಆಗದೆ ಹಿಂದಕ್ಕೆ ಹಾರುತ್ತಿತ್ತು. ಅದೇ ಅರ್ಧ ಶಬ್ದ ಮತ್ತೆ. ಸುತ್ತಲಿನ ಗ್ರೀಸ್ ಕೂಡ ಹಲಸಿನ ಮೇಣದ ಹಾಗೆ ಅಂಟಂಟಾಗಿತ್ತು. ಮರದ ಹಲ್ಲುಕಡ್ಡಿಯಲ್ಲಿ ಇರುವೆ ತೆಗೆದೆ. ಹಳೇ ಗ್ರೀಸ್ ಪೂರ್ತಿ ಆಲ್ಕೋಹಾಲ್‌ನಲ್ಲಿ ಒರೆಸಿ, ಪ್ಲಾಸ್ಟಿಕ್‌ಗೆ ಹೊಂದುವ ಸಿಲಿಕೋನ್ ಗ್ರೀಸ್ ಹಲ್ಲಿಗೆ ತೆಳ್ಳಗೆ ಸವರಿದೆ. ಉಕ್ಕಿನ ಹಳಿಯನ್ನು ಒರೆಸಿ ತೋರುಬೆರಳಿಗೆ ಹತ್ತಿದಷ್ಟೇ ಹಚ್ಚಿದೆ. ಕೊಬ್ಬರಿ ಎಣ್ಣೆ, ಹೊಲಿಗೆ ಮಿಷನ್ ಎಣ್ಣೆ ಇಲ್ಲಿಗೆ ಬೇಡ, ಹರಿದು ಲೆನ್ಸಿಗೂ ಬೆಲ್ಟಿಗೂ ಬರುತ್ತದೆ.

ಮೋಟರ್ ಮಾತ್ರ ಬಾಕಿ ಉಳಿಯಿತು. ಸೆಲ್ ಹಚ್ಚಿ ಉಜ್ಜಿದ್ದು ಉಳಿಯುವುದಿಲ್ಲ ಅಂತ ಮಾವನಿಗೆ ಹೇಳಿಯೇ ಬಂದಿದ್ದೆ. ಸರಿಯಾಗಿ ಒಂಬತ್ತನೇ ದಿನ ಬೆಳಿಗ್ಗೆ ಮತ್ತೆ "ಡಿಸ್ಕ್ ಇಲ್ಲ." ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಮೋಟರ್ ಮತ್ತು ಬೆಲ್ಟ್ ಎರಡೂ ಸಿಕ್ಕಿದವು. ಬೆಲ್ಟ್ ಅಳತೆ ಸರಳ. ಹಳೆಯದನ್ನು ಚಪ್ಪಟೆ ಮಾಡಿ ಅಳೆದು, ಅದಕ್ಕಿಂತ ನೂರಕ್ಕೆ ಐದರಿಂದ ಹತ್ತರಷ್ಟು ಚಿಕ್ಕದು ತಗೊಂಡರೆ ಆಯಿತು. ಮೋಟರ್ ಕೊಳ್ಳುವಾಗ ಶಾಫ್ಟ್‌ನ ದಪ್ಪ, ಉದ್ದ, ಸ್ಕ್ರೂ ತೂತುಗಳ ಅಂತರ ಮೂರೂ ಹೊಂದಬೇಕು. ಅಂಗಡಿಯಲ್ಲೇ ಎರಡು ತಂತಿಗೆ ಮೀಟರ್ ಹಚ್ಚಿ ತಿರುಗಿಸಿ ನೋಡಿ ಕೊಂಡೆ. ಮೊದಲ ಎರಡು ಮೋಟರ್ ವಾಪಸ್ ಇಟ್ಟೆ, ಮೂರನೆಯದು ಪೂರ್ತಿ ಸುತ್ತು 10ರಿಂದ 11 ಓಮ್ ಒಳಗೇ ಇತ್ತು.

ಆಗಸ್ಟ್‌ನಲ್ಲಿ ಎರಡನೇ ಸಲ ಹೋದಾಗ ಅತಿ ಹೆಚ್ಚು ಹೊತ್ತು ತಗೊಂಡದ್ದು ಬಟ್ಟಲು ಕೂರಿಸುವ ಕೆಲಸ. ಡಿಸ್ಕ್ ಕೂರುವ ಆ ಬಟ್ಟಲನ್ನು ಶಾಫ್ಟ್‌ಗೆ ಒತ್ತಿ ಕೂರಿಸಿರುತ್ತಾರೆ, ಸ್ಕ್ರೂ ಇಲ್ಲ. ಎಷ್ಟು ಎತ್ತರದಲ್ಲಿ ಕೂತಿದೆ ಅನ್ನುವುದು ಮುಖ್ಯ. ಎತ್ತರ ತಪ್ಪಿದರೆ ಡಿಸ್ಕ್ ಲೆನ್ಸಿಗೆ ತೀರ ಹತ್ತಿರ ಅಥವಾ ದೂರ ಆಗಿ ಫೋಕಸ್ ಒದ್ದಾಡುತ್ತದೆ. ಕೀಳುವ ಮೊದಲೇ ವರ್ನಿಯರ್‌ನಲ್ಲಿ ಮೂರು ಕಡೆ ಅಳೆದು ಬರೆದುಕೊಂಡೆ. ಕೀಳುವಾಗ ಎರಡೂ ಪಕ್ಕ ಸಮವಾಗಿ ಮೀಟಿದೆ. ಹೊಸ ಶಾಫ್ಟ್‌ಗೆ ಹೆಬ್ಬೆರಳಲ್ಲಿ ಸ್ವಲ್ಪ ಒತ್ತುವುದು, ಅಳೆಯುವುದು, ಮತ್ತೆ ಒತ್ತುವುದು, ಮತ್ತೆ ಅಳೆಯುವುದು, ಹೀಗೆ ಮುಕ್ಕಾಲು ಗಂಟೆ. ಸುತ್ತಿಗೆ ಮುಟ್ಟಬಾರದು. ಒಂದೇ ಪೆಟ್ಟಿಗೆ ಹೊಸ ಮೋಟರ್‌ನ ಬೇರಿಂಗ್ ಹೋಗುತ್ತದೆ.

ಈ ಸಲ ಕೈಯಲ್ಲಿ ಹಿಡಿಯುವ ಸಣ್ಣ ಆಸಿಲೋಸ್ಕೋಪ್ ತಂದಿದ್ದೆ, ಸಿಡಿಯಿಂದ ಓದಿದ ಸಿಗ್ನಲ್‌ನ ಆಕಾರವನ್ನು ಪರದೆ ಮೇಲೆ ನೋಡಲಿಕ್ಕೆ. ಬೋರ್ಡ್‌ನ ಟೆಸ್ಟ್ ಪಾಯಿಂಟ್‌ಗೆ ಹಿಡಿದಾಗ ಪರದೆ ಮೇಲೆ ಸಾಲುಸಾಲು ವಜ್ರದ ಆಕಾರಗಳು ಮೂಡಿದವು, ನಡುವೆ ಖಾಲಿ ಜಾಗ ಚೊಕ್ಕವಾಗಿ ಕಾಣುವಂತೆ, ಎತ್ತರ 1.1 ವೋಲ್ಟ್ ಆಸುಪಾಸು. ಆ ವಜ್ರಗಳ ನಡು ಮಬ್ಬಾಗಿದ್ದರೆ ಲೆನ್ಸ್, ಫೋಕಸ್, ಎತ್ತರ ಏನೋ ಒಂದು ತಪ್ಪಿದೆ ಅಂತ. ಇಲ್ಲಿ ಮಬ್ಬು ಇರಲಿಲ್ಲ. ಮಾವನಿಗೂ ತೋರಿಸಿದೆ. "ರಂಗೋಲಿ ಹಾಗೆ ಉಂಟಲ್ಲ" ಅಂದರು.

ಒಟ್ಟು ಖರ್ಚು ಮೋಟರ್, ಬೆಲ್ಟ್, ಗ್ರೀಸ್ ಸೇರಿ 540 ರೂಪಾಯಿ, ಬಸ್ ಚಾರ್ಜ್ ಬಿಟ್ಟು.

ಮುಚ್ಚಳ ಹಾಕುವ ಮೊದಲು ತಾಳಮದ್ದಲೆಯ ಅದೇ ಸಿಡಿಯನ್ನು ಶುರುವಿನಿಂದ ಹಾಕಿದೆವು, ಹಾರಿಸದೆ. ಮಳೆ ಜೋರಾಗಿ ಬಂದು ಹಂಚಿನ ಸದ್ದಿಗೆ ಮಾತು ಕೇಳಿಸದಾದಾಗ ಅತ್ತೆ ಎದ್ದು ವಾಲ್ಯೂಮ್ ಜಾಸ್ತಿ ಮಾಡಿದರು. 48 ದಾಟಿತು. 49ಕ್ಕೆ ಮೂವರೂ ಪರದೆಯ ಅಂಕೆಗಳನ್ನೇ ನೋಡುತ್ತ ಕೂತಿದ್ದೆವು. ಆ ಅರ್ಧ ಶಬ್ದ ಪೂರ್ತಿ ಆಯಿತು, ವಾಕ್ಯವೂ ಮುಗಿಯಿತು, ಭಾಗವತರು ಮುಂದಿನ ಪದ ಎತ್ತಿಕೊಂಡರು. ಎರಡು ವರ್ಷದಿಂದ ಮಾವ ಕೇಳದೇ ಇದ್ದ ಭಾಗ ಅದು.